ಕ್ಲಿನಿಕ್ ಹಾಕದ ಡಾಕ್ಟರು ಡಾಕ್ಟರಲ್ವಾ?

ನಿನ್ನೆ ಕೊಪ್ಪದಲ್ಲಿ ಮದುವೆ ಊಟ. ಪಕ್ಕದ ಎಲೆಯವರು ನಮ್ಮ ಕಡೆ ಕೆಲಸ ಮಾಡಿದ್ದ ಆರೋಗ್ಯ ಇಲಾಖೆಯ ಡಾಕ್ಟರಮ್ಮನ ಬಗ್ಗೆ, "ಎಂ.ಡಿ. ಮಾಡಿ ಏನು ಬಂತು? ಒಂದು ಕ್ಲಿನಿಕ್ ಇಲ್ಲ, ಸುಮ್ನೆ ಜೀಪಲ್ಲಿ ಸುತ್ತೋದು" ಅಂದರು. ಕೋಪ ಇನ್ನೂ ಇಳಿದಿಲ್ಲ.

ನಮ್ಮ ಮನೆ ಇರೋದು ಕಾಡಂಚಲ್ಲಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಪತ್ತೆಯಾದ ಮಂಗನ ಕಾಯಿಲೆ ಈಗ ಕೊಪ್ಪ, ಎನ್.ಆರ್. ಪುರ, ಶೃಂಗೇರಿ ಕಡೆಯೂ ಇದೆ. ಕಾಡಿನ ಉಣುಗು (ರಕ್ತ ಹೀರೋ ಸಣ್ಣ ಹುಳ) ಕಚ್ಚಿ ಬರೋ ಜ್ವರ ಅದು. ಅದಕ್ಕೆ ಅಂತಲೇ ಔಷಧಿ ಇಲ್ಲ. ಜ್ವರ ಬಂದ ಮೇಲೆ ಎಂಥ ದೊಡ್ಡ ಡಾಕ್ಟರೂ ಡ್ರಿಪ್ ಹಾಕಿ, ರಕ್ತಸ್ರಾವದ ಮೇಲೆ ಕಣ್ಣಿಟ್ಟು ಕಾಯಬೇಕು. ಹಾಗಾದರೆ ಉಣುಗು ಕಚ್ಚದ ಹಾಗೆ ನೋಡಿಕೊಂಡವರು ಡಾಕ್ಟರಲ್ವಾ?

ಆಯಮ್ಮನ ಕೆಲಸ ನಾನು ಕಣ್ಣಾರೆ ನೋಡಿದ್ದೇನೆ. ತೋಟದ ಕೂಲಿಯವರ ಲೈನ್ ಮನೆ ಮುಂದೆ ಕುಕ್ಕರಗಾಲಲ್ಲಿ ಕೂತು, ಉಣುಗು ಹತ್ತದ ಹಾಗೆ ಹಚ್ಚಿಕೊಳ್ಳೋ ಡೇಪಾ ಎಣ್ಣೆಯನ್ನು ತನ್ನ ಕಾಲಿಗೇ ಮೊದಲು ಹಚ್ಚಿ ತೋರಿಸಿದರು. ವಾಸನೆ ಅಂತ ಮೂಗು ಮುಚ್ಚಿಕೊಂಡ ಹೆಂಗಸರ ಹತ್ತಿರ ಹಠ ಮಾಡಿ ಹಚ್ಚಿಸಿದರು. ದರಗಿಗೆ (ಒಣ ಎಲೆ ತರೋಕೆ) ಕಾಡಿಗೆ ಹೋಗೋರು ಯಾರು, ಸೌದೆ ತರೋರು ಯಾರು ಅಂತ ಒಬ್ಬೊಬ್ಬರನ್ನೇ ವಿಚಾರಿಸಿದರು. ಒಬ್ಬಳು ಜ್ವರ ಮುಚ್ಚಿಟ್ಟುಕೊಂಡು ಕೆಲಸಕ್ಕೆ ಹೋಗಿದ್ದಳು, ರಜಾ ಹಾಕಿದರೆ ಕೂಲಿ ಇಲ್ಲ ಅಂತ. ಡಾಕ್ಟರಮ್ಮ ಅವಳನ್ನು ಬೈಯಲಿಲ್ಲ. ರಕ್ತ ಪರೀಕ್ಷೆಗೆ ಕಳಿಸಿ, ನೇರ ತೋಟದ ಮಾಲೀಕರ ಜಗಲಿ ಹತ್ತಿದರು. ಜ್ವರದ ದಿನದ ಕೂಲಿ ಕೊಡ್ತೀನಿ ಅಂತ ಒಪ್ಪಿಸಿಯೇ ಇಳಿದಿದ್ದು. ಯಾವ ಕ್ಲಿನಿಕ್ಕಲ್ಲಿ ಕೂತು ಈ ಕೆಲಸ ಮಾಡೋಕಾಗುತ್ತೆ ಹೇಳಿ?

ಹೃದಯ ಕೈಕೊಟ್ಟಾಗ ಸ್ಟೆಂಟ್ ಹಾಕೋರು ಬೇಡ್ವಾ ಅಂತ ಕೇಳ್ತೀರಿ. ಬೇಕು. ಆದರೆ ಅವರಿಗೆ ಶಾಲು, ಹಾರ ಎಲ್ಲ ಆಗಲೇ ಸಿಗ್ತಿದೆ. ಕಾಯಿಲೆಯೇ ಬರದ ಹಾಗೆ ನೋಡಿಕೊಂಡವರಿಗೆ ಕೈಮುಗಿಯೋಕೆ ಅಲ್ಲಿ ರೋಗಿಯೇ ಇರಲ್ಲ.

ಡಾ. ಎಚ್. ಸುದರ್ಶನ್ ಬೆಂಗಳೂರಲ್ಲಿ ಎಂಬಿಬಿಎಸ್ ಮುಗಿಸಿದವರು. ಅಲ್ಲೇ ನರ್ಸಿಂಗ್ ಹೋಮ್ ಕಟ್ಟಬಹುದಿತ್ತು. ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ಅಲ್ಲಿನ ಗಿರಿಜನರಾದ ಸೋಲಿಗರ ಜೊತೆ ಕೆಲಸಕ್ಕೆ ನಿಂತರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದರು. ಬರೀ ಮಾತ್ರೆ ಕೊಟ್ಟರೆ ಸಾಲದು ಅಂತ ಶಾಲೆಯನ್ನೂ ತೆರೆದರು. ಮುಂದೆ ರಾಜ್ಯದ ಆರೋಗ್ಯ ಕಾರ್ಯಪಡೆಗೆ ಅವರೇ ಅಧ್ಯಕ್ಷರಾದರು. ಬೆಟ್ಟದಲ್ಲಿ ಕಂಡಿದ್ದನ್ನು ವಿಧಾನಸೌಧಕ್ಕೆ ಹೇಳೋಕೆ ಬೆಟ್ಟ ಹತ್ತಿದವರೇ ಬೇಕು.

ನಿಜ ಹೇಳ್ತೀನಿ, ಮಂಗನ ಕಾಯಿಲೆ ಶುರುವಾಗೋ ಡಿಸೆಂಬರ್ ಬಂತು ಅಂದರೆ ನನಗೆ ಇವತ್ತಿಗೂ ಭಯ. ತೋಟದಿಂದ ಬಂದ ಕೂಡಲೇ ಉಣುಗು ಹತ್ತಿದೆಯಾ ಅಂತ ಮಕ್ಕಳ ಕಾಲು ತಡವಿ ನೋಡ್ತೀನಿ. ಹಾಗಾಗಿ ಆ ಮಾತು ಅಷ್ಟು ಚುಚ್ಚಿದ್ದು.

ನಿಮ್ಮ ಮನೆ ಹುಡುಗಿ ಕಮ್ಯುನಿಟಿ ಮೆಡಿಸಿನ್, ಅಂದರೆ ಊರಿಗೇ ಕಾಯಿಲೆ ಬರದ ಹಾಗೆ ನೋಡಿಕೊಳ್ಳೋ ವೈದ್ಯಶಾಸ್ತ್ರ, ಓದ್ತೀನಿ ಅಂದರೆ, ಬೇರೆ ಸೀಟು ಸಿಗಲಿಲ್ವಾ ಅಂತ ದಯವಿಟ್ಟು ಕೇಳಬೇಡಿ. ತೋಟ ಇರೋರು ಆಶಾ ಕಾರ್ಯಕರ್ತೆಯನ್ನು ಕೇಳಿ ಡೇಪಾ ಎಣ್ಣೆ ತರಿಸಿ, ಕೆಲಸದವರಿಗೂ ಕೊಡಿ. ಜ್ವರದ ದಿನದ ಕೂಲಿ ಮುರಿಯಬೇಡಿ.