ಕಿವಿ ಇದ್ದವರು ಎಲ್ಲಿಗೆ ಹೋಗಬೇಕು?

ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬ ಗಾದೆಯನ್ನು ಕೇಳದೆ ಕೊಪ್ಪಳ ಸೀಮೆಯಲ್ಲಿ ಬೆಳೆದವರಿಲ್ಲ. ಗಾದೆ ಕಟ್ಟಿದ ಹಿರಿಯರು ಕಾಲನ್ನು ನೆನೆದರು, ಕಣ್ಣನ್ನು ನೆನೆದರು. ಕಿವಿಯನ್ನು ಮಾತ್ರ ಏಕೆ ಕೈಬಿಟ್ಟರು ಎಂಬುದು ನನಗೆ ಬಹಳ ವರ್ಷ ಒಗಟಾಗಿತ್ತು. ಕನಕಗಿರಿಯ ರಸ್ತೆಯಲ್ಲಿರುವ ನಮ್ಮ ಊರಿನ ಗಣೇಶ ಹಬ್ಬದ ಗಾಯನ ಕಾರ್ಯಕ್ರಮದಲ್ಲಿ ಮೂರನೆಯ ಸಾಲಿನಲ್ಲಿ ಕುಳಿತೆ ನೋಡಿ, ಒಗಟು ತಾನಾಗಿಯೇ ಬಿಡಿಸಿಕೊಂಡಿತು. ಹಿರಿಯರಿಗೆ ಮುಂದಾಗುವುದು ಗೊತ್ತಿತ್ತು.

ಗಾಯಕರು ಮಾನ್ವಿ ಕಡೆಯವರು. ವಿಜಯದಾಸರು ಹುಟ್ಟಿದ ಚೀಕಲಪರವಿ ಆ ಸೀಮೆಯಲ್ಲೇ ಇದೆ. ಅಲ್ಲಿ ದಾಸರ ಪದ ಹಾಡುವವರಿಗೆ ಬರವಿಲ್ಲ. ಜೊತೆಗೆ ಒಂದು ಹಾರ್ಮೋನಿಯಂ, ಒಂದು ಜೋಡಿ ತಬಲಾ, ಒಬ್ಬ ಹುಡುಗನ ಕೈಯಲ್ಲಿ ಚಿಟಿಕೆ. ಇಷ್ಟು ಜನರ ಧ್ವನಿಯನ್ನು ಇನ್ನೂರು ಜನರಿಗೆ ಮುಟ್ಟಿಸುವುದು ಕೆಲಸ. ಅದಕ್ಕಾಗಿ ಗಂಗಾವತಿಯಿಂದ ಟೆಂಪೊದಲ್ಲಿ ನಾಲ್ಕು ಸ್ಪೀಕರ್ ಬಾಕ್ಸ್, ಕಂಬಕ್ಕೆ ಕಟ್ಟುವ ಕಹಳೆಯಾಕಾರದ ಮೂರು ಭೋಂಗಾ, ಧ್ವನಿ ಹೊಂದಿಸುವ ಒಂದು ಮಿಕ್ಸರ್ ಹೇರಿಕೊಂಡು ಒಬ್ಬ ಹುಡುಗ ಬಂದಿದ್ದ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನೆಂಬ ಒಂದೇ ಕಾರಣಕ್ಕೆ ಸಮಿತಿಯವರು ನನ್ನನ್ನು ಧ್ವನಿ ವ್ಯವಸ್ಥೆಯ ಸಲಹೆಗಾರನನ್ನಾಗಿ ಮಾಡಿದ್ದರು. ನಮ್ಮ ಊರಿನಲ್ಲಿ ಸಲಹೆಗಾರನೆಂದರೆ ಸಲಹೆ ಕೊಟ್ಟ ಮೇಲೆ ಚಹಾ ಕುಡಿಯುವವನು ಎಂದರ್ಥ.

ಹುಡುಗ ಬಂದವನೇ ಪಟ್ಟಿ ಪುಸ್ತಕದ ಹಿಂಬದಿಯಲ್ಲಿ ಒಂದು ಚಿತ್ರ ಬರೆದು ತೋರಿಸಿದ. ಹಾಡುವವರು ಕೂರುವ ಅಟ್ಟದ ಎರಡು ಮುಂದಿನ ಮೂಲೆಗಳಿಂದ ತುಸು ಮುಂದಕ್ಕೆ ಎರಡೆರಡು ಬಾಕ್ಸ್. ಮುಖ ಜನರ ಕಡೆ, ಬೆನ್ನು ಮೈಕಿನ ಕಡೆ. ಕುಳಿತವರ ತಲೆಗಿಂತ ಮೇಲಿರುವಂತೆ ಸ್ಟ್ಯಾಂಡಿನ ಮೇಲೆ ಏರಿಸಿ, ಕೊನೆಯ ಸಾಲಿನವರನ್ನು ನೋಡುವಂತೆ ಸ್ವಲ್ಪ ಬಾಗಿಸಬೇಕು. ‘ಬಾಕ್ಸ್ ಮುಂದೆ, ಮೈಕ್ ಹಿಂದೆ. ಮನುಷ್ಯರ ಮೈ ಸಣ್ಣ ಸ್ವರವನ್ನು ನುಂಗುತ್ತದೆ, ಅದಕ್ಕೇ ಎತ್ತರ. ಇಷ್ಟೇ ಸರ್ ಶಾಸ್ತ್ರ’ ಎಂದ. ಮೂವತ್ತು ವರ್ಷ ಪಾಠ ಹೇಳಿದ ನಾನು ಇಷ್ಟು ಚಿಕ್ಕದಾಗಿ ಯಾವುದನ್ನೂ ಹೇಳಿದ್ದಿಲ್ಲ. ಸಮಿತಿಯವರಿಗೆ ಮಾತ್ರ ಅವನ ಮೇಲೆ ಅನುಮಾನ ಬಂದಿತು. ಇಷ್ಟು ಸುಲಭವಾಗಿದ್ದರೆ ಸಮಿತಿ ಏಕೆ ಬೇಕು?

ಮೊದಲ ಆಕ್ಷೇಪ ಎಣಿಕೆಯದು. ಹಳ್ಳದಾಚೆಯ ಊರಿನವರು ಹಿಂದಿನ ವಾರ ಎಂಟು ಬಾಕ್ಸ್ ಇಟ್ಟಿದ್ದರು. ನಾಲ್ಕು ಎಂದರೆ ಊರಿನ ಮರ್ಯಾದೆ ಅರ್ಧ ಹೋದಂತೆ. ಎಂಟು ಎಂದರೆ ಸರಿಸಮ, ಅದೂ ಬೇಡ. ಹದಿನಾರು ಎಂದು ತೀರ್ಮಾನವಾಗಿ ಮಿಕ್ಕ ಹನ್ನೆರಡನ್ನು ತರಲು ಟೆಂಪೊ ವಾಪಸು ಹೋಯಿತು. ಆಗ ನಾನು ಒಂದು ತಪ್ಪು ಮಾಡಿದೆ: ಬಾಯಿ ತೆರೆದೆ. ಶಕ್ತಿಯನ್ನು ಎರಡರಷ್ಟು ಮಾಡಿದರೆ ಏರುವುದು ಬರೀ 3 ಡೆಸಿಬಲ್. ಕಿವಿಗೆ ಎರಡರಷ್ಟು ಜೋರು ಎನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು ಎಂದೆ. ಎಂಟರ ಹತ್ತು ಪಟ್ಟು ಎಷ್ಟು ಎಂದು ಖಜಾಂಚಿಯವರು ಕೇಳಿದರು. ಮುಂದಿನ ವರ್ಷಕ್ಕೆ ಎಂಬತ್ತು ಬಾಕ್ಸ್ ಎಂದು ಅಲ್ಲೇ ಠರಾವಾಯಿತು. ನಡಾವಳಿಯಲ್ಲಿ ‘ವಿಜ್ಞಾನ ಶಿಕ್ಷಕರ ಸಲಹೆಯ ಮೇರೆಗೆ’ ಎಂದು ಬರೆದಿದ್ದಾರೆ.

ಇನ್ನು ಅವುಗಳನ್ನು ಇಡುವ ಜಾಗ. ಅಟ್ಟದ ಎಡಕ್ಕೊಂದು, ಬಲಕ್ಕೊಂದು ಆಳೆತ್ತರದ ಫ್ಲೆಕ್ಸ್ ಆಗಲೇ ನಿಂತಿದ್ದವು. ಒಂದೊಂದರಲ್ಲೂ ಇಪ್ಪತ್ತೆರಡು ಮುಖಗಳು. ಗಾಯಕರ ಮುಖ ಎಡಗಡೆಯದರ ಕೆಳಮೂಲೆಯಲ್ಲಿ, ಪೆಂಡಾಲ್ ಅಂಗಡಿಯ ಮೊಬೈಲ್ ಸಂಖ್ಯೆಯ ಪಕ್ಕ, ಅಂಚೆಚೀಟಿಯಷ್ಟಿತ್ತು. ಹುಡುಗ ಎಡಗಡೆಯ ಬಾಕ್ಸುಗಳನ್ನು ಫ್ಲೆಕ್ಸಿನ ಮುಂದೆ ಜೋಡಿಸುತ್ತಿದ್ದಂತೆ ಐದು ಜನ ದಾನಿಗಳು, ಒಬ್ಬ ಮಾಜಿ ಅಧ್ಯಕ್ಷರು ಕಣ್ಮರೆಯಾದರು. ಮಾಜಿ ಅಧ್ಯಕ್ಷರು ಅಲ್ಲೇ ಕುರ್ಚಿಯ ಮೇಲೆ ಜೀವಂತವಾಗಿ ಕುಳಿತಿದ್ದರೂ ಅದು ಲೆಕ್ಕಕ್ಕೆ ಬರಲಿಲ್ಲ. ಬಾಕ್ಸ್ ಫ್ಲೆಕ್ಸಿನ ಹಿಂದೆ ಹೋಗಲಿ ಎಂದಾಯಿತು. ಧ್ವನಿ ಬರುವುದಿಲ್ಲ ಎಂದ ಹುಡುಗ. ‘ಧ್ವನಿ ಏನು ಕಣ್ಣಿಗೆ ಕಾಣುತ್ತದೆಯೆ? ಅದು ಎಲ್ಲಿಂದಲಾದರೂ ಬರುತ್ತದೆ. ಮುಖ ಕಾಣಬೇಕು’ ಎಂದರು. ಈ ಮಾತಿಗೆ ನನ್ನ ಭೌತಶಾಸ್ತ್ರದಲ್ಲಿ ಉತ್ತರವಿರಲಿಲ್ಲ.

ಫ್ಲೆಕ್ಸಿನ ಹಾಳೆಯ ಗುಣ ಹೀಗೆ: ದಪ್ಪ ಸ್ವರ ಬಂದರೆ ಸುಮ್ಮನೆ ದಾರಿ ಬಿಡುತ್ತದೆ, ಸಣ್ಣ ಸ್ವರ ಬಂದರೆ ತಡೆದು ನಿಲ್ಲಿಸುತ್ತದೆ. ಭಾಷೆಯಲ್ಲಿ ಸ್ವರಾಕ್ಷರಗಳ ಬಲವೆಲ್ಲ ಹೆಚ್ಚಾಗಿ ಕೆಳಗಿನ ಧ್ವನಿಯಲ್ಲಿ. ಕ, ತ, ಸ, ಶಗಳ ಚೂಪು ಇರುವುದು ಮೇಲಿನದರಲ್ಲಿ. ಹಾಗಾಗಿ ಅಂದು ರಾತ್ರಿ ದಾಸರ ಪದದ ವ್ಯಂಜನಗಳೆಲ್ಲ ಫ್ಲೆಕ್ಸಿನ ಹಿಂದೆಯೇ ಉಳಿದವು. ಸ್ವರಗಳು ಮಾತ್ರ ದಾನಿಗಳ ಮುಖಗಳನ್ನು ಸೀಳಿಕೊಂಡು ಹೊರಬಂದವು. ಆ, ಊ, ಏ, ಓ. ವ್ಯಂಜನವಿಲ್ಲದ ಊಟ ಹಾಕಿದ ಮದುವೆಮನೆಯವರನ್ನು ನಮ್ಮ ಜನ ಮೂರು ತಲೆಮಾರು ಆಡಿಕೊಳ್ಳುತ್ತಾರೆ. ವ್ಯಂಜನವಿಲ್ಲದ ಹಾಡು ಬಡಿಸಿದವರಿಗೆ ಶಾಲು ಹೊದಿಸುತ್ತಾರೆ.

ಬಲಗಡೆಯ ಎಂಟರದು ಬೇರೆ ಕಥೆ. ಭಾರವಾದ ವಸ್ತು ನೈಋತ್ಯದಲ್ಲಿರಬೇಕು ಎಂದು ಪಂಚಾಂಗ ಬಲ್ಲ ಹಿರಿಯರೊಬ್ಬರು ಹೇಳಿದರು. ಅಟ್ಟ ಪೂರ್ವಕ್ಕೆ ಮುಖ ಮಾಡಿದೆ. ನೈಋತ್ಯವೆಂದರೆ ಗಾಯಕರ ಬೆನ್ನಿನ ಹಿಂದೆ, ಎರಡು ಗೋಡೆ ಕೂಡುವ ಮೂಲೆ. ಅಲ್ಲಿ ಎಂಟು ಬಾಕ್ಸ್ ಒಂದರ ಮೇಲೊಂದು ಕುಳಿತವು. ಮೂಲೆಗೆ ತಳ್ಳಿದ ಬಾಕ್ಸ್ ಅತ್ತೆಮನೆಯ ಮುದುಕಿಯಂತೆ ಸುಮ್ಮನಿರುವುದಿಲ್ಲ, ಗೊಣಗುತ್ತಲೇ ಇರುತ್ತದೆ. ನೆಲ ಒಂದು, ಗೋಡೆ ಎರಡು, ಮೂರೂ ಸೇರಿ ದಪ್ಪ ಸ್ವರವನ್ನು ಉಬ್ಬಿಸಿಬಿಡುತ್ತವೆ. ತಬಲಾದ ಡಗ್ಗಾ ಒಂದು ಪೆಟ್ಟು ತಿಂದರೆ ಸಮುದಾಯ ಭವನದ ಕಿಟಕಿ ಮೂರು ಸಲ ಒದರುತ್ತಿತ್ತು.

ಅಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಹಾಡುವವರು ಹಿಡಿಯುವ ಸಾಧಾರಣ ಮೈಕ್ ಹೃದಯದ ಆಕಾರದಲ್ಲಿ ಕೇಳಿಸಿಕೊಳ್ಳುತ್ತದೆ. ತನ್ನ ಮುಖದೆದುರು ಇರುವವರನ್ನು ಚೆನ್ನಾಗಿ ಕೇಳುತ್ತದೆ, ಬೆನ್ನಿಗಿರುವವರಿಗೆ ಕಿವುಡಾಗಿರುತ್ತದೆ. ಗಾಯಕರ ಬಾಯಿಯ ಕಡೆ ತಿರುಗಿದ ಮೈಕಿಗೆ ಗಾಯಕರ ಹಿಂದಿನ ಬಾಕ್ಸ್ ಕೂಡ ಎದುರಿನದೇ. ಗಾಯಕರು ಹಾಡಿದ್ದನ್ನು ಮೈಕ್ ಬಾಕ್ಸಿಗೆ ಹೇಳಿತು, ಬಾಕ್ಸ್ ಮತ್ತೆ ಮೈಕಿಗೆ ಹೇಳಿತು, ಮೈಕ್ ಮತ್ತೆ ಬಾಕ್ಸಿಗೆ. ಬಾವಿಕಟ್ಟೆಯ ಸುದ್ದಿಯಂತೆ ಸುತ್ತುಸುತ್ತಿಗೂ ದೊಡ್ಡದಾಗಿ, ಕೊನೆಗೆ ಕುಂಯ್ಯೆಂದು ಊರನ್ನೇ ಇರಿಯಿತು. ನಾಯಿಗಳು ಓಡಿದವು. ಇದಕ್ಕೆ ಫೀಡ್‌ಬ್ಯಾಕ್ ಎನ್ನುತ್ತಾರೆ. ನಮ್ಮ ಸಮಿತಿ ಇದುವರೆಗೆ ಪಡೆದಿರುವ ಏಕೈಕ ಫೀಡ್‌ಬ್ಯಾಕ್ ಅದು. ನಿರೂಪಕರು ಅದನ್ನು ಅಡಗಿಸಲೆಂದು ಮೈಕಿನ ತಲೆಯನ್ನು ಮುಷ್ಟಿಯಲ್ಲಿ ಅದುಮಿ ಹಿಡಿದರು. ಹಾಗೆ ಹಿಡಿದರೆ ಮೈಕ್ ತನ್ನ ಹೃದಯವನ್ನು ಕಳೆದುಕೊಂಡು ಸುತ್ತಲಿನದನ್ನೆಲ್ಲ ಕೇಳಲು ತೊಡಗುತ್ತದೆ. ಓಡದೆ ಉಳಿದಿದ್ದ ಒಂದೆರಡು ನಾಯಿಗಳೂ ಓಡಿದವು.

ಗಾಯಕರ ಕಾಲ ಬಳಿ ಅವರ ಕಡೆಗೇ ಮುಖಮಾಡಿ ಒಂದು ಚಿಕ್ಕ ಬಾಕ್ಸ್ ಇಡುತ್ತಾರೆ. ಮಾನಿಟರ್ ಎಂದು ಹೆಸರು. ತಾವು ಹಾಡುವುದು ತಮಗೇ ಕೇಳಿಸಿ ಶ್ರುತಿ ಹಿಡಿಯಲೆಂದು ಅದು. ಅದನ್ನು ನೋಡಿ ಸಮಿತಿಯ ಯುವ ಸದಸ್ಯರೊಬ್ಬರಿಗೆ ಸಿಟ್ಟು ಬಂದಿತು. ‘ಹಾಡುವವರಿಗೇಕೆ ಬಾಕ್ಸ್? ಅವರಿಗೆ ಹಾಡು ಬರುತ್ತದಲ್ಲ!’ ಮಾನಿಟರ್ ಎದ್ದು ಮುಖ್ಯ ಅತಿಥಿಗಳ ಸೋಫಾದ ಮುಂದೆ ಬಂದು ಕುಳಿತಿತು.

ಸೋಫಾದ ಬಗ್ಗೆ ಎರಡು ಮಾತು ಹೇಳಲೇಬೇಕು. ಬಯಲಿನಲ್ಲಿ ಬಾಕ್ಸಿನಿಂದ ದೂರ ಎರಡರಷ್ಟಾದಂತೆಲ್ಲ ಧ್ವನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಎರಡು ಮೀಟರಿನಲ್ಲಿ ಸೋಫಾ. ನಾಲ್ಕು, ಎಂಟು, ಹದಿನಾರು, ಮೂವತ್ತೆರಡರಲ್ಲಿ ಕೊನೆಯ ಸಾಲು. ನಾಲ್ಕು ಸಲ ಆರು ಇಪ್ಪತ್ತನಾಲ್ಕು. ಕೊನೆಯ ಸಾಲಿನ ಅಜ್ಜಿಗೆ 80 ಡೆಸಿಬಲ್ ಮುಟ್ಟಿಸಬೇಕೆಂದರೆ ಸೋಫಾದ ಮೇಲಿನ ಗಣ್ಯರು 104 ಉಣ್ಣಬೇಕು. ಇಂಥ ಕಾರ್ಯಕ್ರಮಗಳಲ್ಲಿ ಸರಾಸರಿ 100 ಡೆಸಿಬಲ್ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಬಾಕ್ಸನ್ನು ಎತ್ತರಕ್ಕೆ ಏರಿಸಿ ಹಿಂದಿನ ಸಾಲಿಗೆ ಮುಖ ಮಾಡಿದರೆ ಈ ಏರುಪೇರು ಬಹಳ ಕಡಿಮೆಯಾಗುತ್ತದೆ, ಆದರೆ ಗಣ್ಯರ ತಲೆಯ ಮೇಲೆ ಹಾಡು ಹಾರಿಹೋಗುವುದು ಶಿಷ್ಟಾಚಾರಕ್ಕೆ ಒಗ್ಗುವುದಿಲ್ಲ. ಅಂದು ಸೋಫಾದ ಮೇಲಿದ್ದ ಮೂವರೂ ಹತ್ತಿ ತರಿಸಿಕೊಂಡರು. ದೀಪದ ಬತ್ತಿಗೆಂದು ಇಟ್ಟಿದ್ದ ಹತ್ತಿ. ಅದನ್ನು ಕಿವಿಯಲ್ಲಿ ತುರುಕಿಕೊಂಡೇ ಒಬ್ಬರು ಎದ್ದುನಿಂತು ‘ಎಷ್ಟು ಇಂಪಾದ ಗಾಯನ’ ಎಂದು ಭಾಷಣ ಮಾಡಿದರು. ಗಾಯನ ಇನ್ನೂ ಶುರುವಾಗಿರಲಿಲ್ಲ.

ಭೋಂಗಾಗಳನ್ನು ಮರೆತೆ. ಒಂದನ್ನು ಬಸ್ ನಿಲ್ದಾಣದ ಕಂಬಕ್ಕೆ ಕಟ್ಟಿದರು. ಅಟ್ಟದಿಂದ ಅಲ್ಲಿಗೆ ಸುಮಾರು 170 ಮೀಟರ್. ತಂತಿಯಲ್ಲಿ ಬಂದ ಹಾಡು ಕಣ್ಣು ಮಿಟುಕಿಸುವ ಮೊದಲೇ ಕಂಬದಲ್ಲಿ ಕೂಗುತ್ತದೆ. ಗಾಳಿಯಲ್ಲಿ ನಡೆದು ಬಂದ ಹಾಡು ಅರ್ಧ ಸೆಕೆಂಡು ತಡವಾಗಿ ಬರುತ್ತದೆ. ಧ್ವನಿಯ ನಡಿಗೆ ಸೆಕೆಂಡಿಗೆ ಸುಮಾರು 345 ಮೀಟರ್. ರಾಯಚೂರಿನ 40 ಡಿಗ್ರಿ ಬೇಸಿಗೆಯಲ್ಲಿ ಅದು 355ಕ್ಕೆ ಏರುತ್ತದೆ. ಬಿಸಿಲಿಗೆ ವೇಗ ಹೆಚ್ಚಿಸಿಕೊಳ್ಳುವುದು ನಮ್ಮ ಸೀಮೆಯಲ್ಲಿ ಅದೊಂದೇ ಇರಬೇಕು. ಬಸ್ ನಿಲ್ದಾಣದಲ್ಲಿ ನಿಂತವರಿಗೆ ಪ್ರತಿ ಸಾಲೂ ಎರಡೆರಡು ಸಲ ಕೇಳಿಸಿ, ಗಾಯಕರು ಇಬ್ಬರು, ಅವರಲ್ಲಿ ಒಬ್ಬರಿಗೆ ತಾಳ ಗೊತ್ತಿಲ್ಲ ಎಂಬ ಸುದ್ದಿ ಹಬ್ಬಿತು. ಆ ಭೋಂಗಾಕ್ಕೆ ಅರ್ಧ ಸೆಕೆಂಡು ಡಿಲೇ ಹಾಕಿದರೆ ಸರಿಹೋಗುತ್ತದೆ ಎಂದು ಹುಡುಗ ಬಂದು ಹೇಳಿದ. ಕಾರ್ಯದರ್ಶಿಯವರು ಗಡಿಯಾರ ನೋಡಿಕೊಂಡರು. ‘ಈಗಾಗಲೇ ಮೂರು ತಾಸು ಡಿಲೇ ಆಗಿದೆ. ಇನ್ನೂ ಡಿಲೇ ಹಾಕುತ್ತೀಯಾ?’

ಮೂರು ತಾಸು ಎಂದರೆ ನಿಜವಾಗಿಯೂ ಮೂರು ತಾಸು. ಆರು ಗಂಟೆಯ ಕಾರ್ಯಕ್ರಮಕ್ಕೆ ಅತಿಥಿಗಳು ಎಂಟೂವರೆಗೆ ಬಂದು, ಸ್ವಾಗತ, ಪ್ರಾಸ್ತಾವಿಕ, ಸನ್ಮಾನ ಮುಗಿದು ಗಾಯಕರು ಹಾರ್ಮೋನಿಯಂ ಮುಟ್ಟಿದಾಗ ಒಂಬತ್ತು ದಾಟಿತ್ತು. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಅದೇ ನಿಯಮ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಎಂದೂ ಹೇಳುತ್ತದೆ. ನಮ್ಮಲ್ಲಿ ಕುರ್ಚಿ ಎಳೆಯುವ ಸದ್ದೇ ಅದಕ್ಕಿಂತ ಹೆಚ್ಚು. ಹಬ್ಬಗಳಿಗೆಂದು ಸರ್ಕಾರ ವರ್ಷದಲ್ಲಿ ಹದಿನೈದು ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದು. ಇಡೀ ನಿಯಮಾವಳಿಯಲ್ಲಿ ಸಮಿತಿಗೆ ಬಾಯಿಪಾಠವಿದ್ದದ್ದು ಇದೊಂದೇ ಸಾಲು. ಅಂದಿನ ದಿನಕ್ಕೆ ಅದು ಅನ್ವಯಿಸುವುದಿಲ್ಲವೆಂದು ತಿಳಿಸಲು ಹತ್ತಕ್ಕೆ ಐದು ನಿಮಿಷವಿರುವಾಗ ಪೊಲೀಸರು ಬಂದರು.

ನಡುವೆ ಇದ್ದ ಮುಕ್ಕಾಲು ಗಂಟೆ ಗಾಯಕರದು. ಅತಿಥಿಗಳು ಅಷ್ಟರಲ್ಲಿ ಹೊರಟುಹೋಗಿದ್ದರು. ಖಾಲಿ ಸೋಫಾಕ್ಕೆ ಮಾನಿಟರ್ ಶ್ರದ್ಧೆಯಿಂದ ಹಾಡು ಕೇಳಿಸುತ್ತಿತ್ತು. ಗಾಯಕರು ಕಣ್ಣು ಮುಚ್ಚಿಕೊಂಡು ಹಾಡಿದರು. ಕಣ್ಣು ತೆರೆದಾಗಲೆಲ್ಲ ಹುಡುಗನನ್ನು ಹುಡುಕಿದರು. ತಮ್ಮ ಧ್ವನಿ ತಮಗೆ ಕೇಳಿಸದವರು ಕೂಗಲೇಬೇಕು, ಕೂಗಿದರು. ಒಂದು ಹಂತದಲ್ಲಿ ಮೈಕನ್ನು ಪಕ್ಕಕ್ಕಿಟ್ಟು ಬರೀ ಕಂಠದಿಂದ ಒಂದು ನುಡಿ ಹಾಡಿದರು. ಅದು ಮೂರನೆಯ ಸಾಲಿನವರೆಗೆ ಸ್ಪಷ್ಟವಾಗಿ ಬಂದಿತು. ದರೋಜಿ ಈರಮ್ಮನಂಥವರು ಬುರ್ರಕಥೆಯನ್ನು ಊರೂರಿನ ಬಯಲಿಗೆ ಒಯ್ದ ಈ ನೆಲದಲ್ಲಿ ಅದೇನೂ ಸೋಜಿಗವಲ್ಲ. ಆದರೆ ಕಾರ್ಯದರ್ಶಿಯವರು ಓಡಿಬಂದು ಮೈಕನ್ನು ಮತ್ತೆ ಕೈಗಿತ್ತರು. ಹದಿನಾರು ಬಾಕ್ಸಿನ ಬಾಡಿಗೆ ಕೊಟ್ಟಾಗಿತ್ತು.

ಕೊಪ್ಪಳದ ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಅಶೋಕನ ಶಾಸನಗಳಿವೆ. ಬೇರೆ ಕಡೆಯ ತನ್ನ ನಾಲ್ಕನೆಯ ಬಂಡೆಶಾಸನದಲ್ಲಿ ಅವನು ಭೇರಿಘೋಷವು ಧರ್ಮಘೋಷವಾಯಿತೆಂದು ಬರೆಸಿದ್ದಾನೆ. ಆ ಶಾಸನವನ್ನು ಕೊಪ್ಪಳದಲ್ಲಿ ಕೆತ್ತಿಸದೆ ಹೋದದ್ದು ಅವನ ಜಾಣತನ. ಇಲ್ಲಿ ನಾವು ಧರ್ಮಘೋಷವನ್ನು ಹದಿನಾರು ಬಾಕ್ಸಿನಲ್ಲಿ ಭೇರಿಘೋಷ ಮಾಡಿ ತಿರುಗಿ ಕೊಟ್ಟಿದ್ದೇವೆ.

ಉಳಿದ ಎರಡು ಭೋಂಗಾಗಳು ಏನಾದವು ಎಂದು ನೀವು ಕೇಳಿಲ್ಲ. ಊರ ಹೊರಗಿನ ಗುಂಡಿನ ಮೇಲೆ ಅವನ್ನು ಕಟ್ಟಿಸಿದ್ದು ಖಜಾಂಚಿಯವರ ಸ್ವಂತ ಆಲೋಚನೆ. ಹಳ್ಳದಾಚೆಯ ಊರಿನವರು ಹೊಟ್ಟೆಕಿಚ್ಚು ಪಡಲಿ ಎಂದು ಅವುಗಳ ಮುಖವನ್ನು ನೇರವಾಗಿ ಆ ಊರಿಗೇ ತಿರುಗಿಸಿದ್ದರು. ಅಲ್ಲಿ ಫ್ಲೆಕ್ಸ್ ಇರಲಿಲ್ಲ, ಗೋಡೆ ಇರಲಿಲ್ಲ, ಸೋಫಾ ಇರಲಿಲ್ಲ. ಎಲ್ಲರ ತಲೆಗಿಂತ ಎತ್ತರ, ಬೆನ್ನು ಮೈಕಿನ ಕಡೆ, ಮುಖ ಕೇಳುವವರ ಕಡೆ. ಮಳೆ ನಿಂತು ನೆಲ ತಂಪಾದ ರಾತ್ರಿಗಳಲ್ಲಿ ಧ್ವನಿ ಮೇಲಕ್ಕೆ ಹಾರಿಹೋಗದೆ ಕೆಳಗೆ ಬಾಗಿ ಬಹುದೂರ ಸಾಗುತ್ತದೆ. ಅಂದು ಅಂಥದೇ ರಾತ್ರಿ.

ಮರುದಿನ ಬೆಳಿಗ್ಗೆ ಹಳ್ಳದಾಚೆಯಿಂದ ನನ್ನ ಹಳೆಯ ಶಿಷ್ಯನೊಬ್ಬ ಕರೆ ಮಾಡಿದ. ‘ನಿನ್ನೆ ಮಾಳಿಗೆಯ ಮೇಲೆ ಕೌದಿ ಹಾಸಿಕೊಂಡು ಮನೆಮಂದಿಯೆಲ್ಲ ಕೇಳಿದೆವು ಸರ್. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಬಂದಿತು. ನನ್ನ ತಾಯಿ ಎರಡು ಪದ ಬರೆದುಕೊಂಡಿದ್ದಾಳೆ. ನಿಮ್ಮ ಊರಿನವರು ಪುಣ್ಯವಂತರು, ಎದುರಿಗೇ ಕುಳಿತು ಕೇಳಿದಿರಿ.’

ಬರೆದುಕೊಂಡದ್ದನ್ನು ಓದಿ ಹೇಳು ಎಂದೆ. ಮುಂದಿನ ವರ್ಷ ಅವರ ಮಾಳಿಗೆಯ ಮೇಲೆ ನನಗೊಂದು ಜಾಗ ಇಡಲು ಅವನ ತಾಯಿಗೆ ತಿಳಿಸಿದ್ದೇನೆ.