ಕೆಂಪು ಲೋಳೆಯ ಕಾಟ

ಮತ್ತೆ ಬಂತು! ನನ್ನ ಹವಳದ ಅಕ್ವೇರಿಯಂನಿಂದ ನಿನ್ನೆ ತಾನೇ ಸೈಫನ್ ಕೊಳವೆ ಹಾಕಿ ಎಳೆದು ತೆಗೆದ ಕೆಂಪು ಲೋಳೆ, ಅಂದರೆ ಸಯನೋಬ್ಯಾಕ್ಟೀರಿಯಾ ಅನ್ನೋ ಸೂಕ್ಷ್ಮಜೀವಿ, ಇವತ್ತು ಸಂಜೆಗೆ ಮರಳಿನ ಮೇಲೆ ಕೆಂಪು ಮಖಮಲ್ ಹಾಸಿದ ಹಾಗೆ ಹರಡಿಕೊಂಡಿದೆ. ಮೇಲೆ ಆಮ್ಲಜನಕದ ಗುಳ್ಳೆಗಳ ಶೋಕಿ ಬೇರೆ! ಈ ಸಲ ಹೂವಿನಂತೆ ಅರಳೋ ಹವಳಜಾತಿಯ ಝೋವಾಂಥಿಡ್‌ಗಳ ಮೇಲೂ ಹತ್ತಿದೆ. ಪಾಪ, ಅವು ಅರಳೋದನ್ನೇ ಬಿಟ್ಟಿವೆ.

ನೀರಲ್ಲಿ ಲೋಳೆಗೆ ಆಹಾರವಾಗೋ ಫಾಸ್ಫೇಟ್ ಜಾಸ್ತಿ ಅಂತಾರೆ. ಇಳಿಸಿದರೆ, ನೈಟ್ರೇಟ್ ಸೊನ್ನೆಯಾಗಿದೆ, ಅದಕ್ಕೇ ಬಂತು ಅಂತಾರೆ. ಎರಡೂ ತಪ್ಪಾದರೆ ಯಾವುದು ಸರಿ ಸ್ವಾಮಿ? ನೀರಿನ ಹರಿವು ಸಾಲದಂತೆ. ಪಂಪ್ ಜೋರು ಮಾಡಿದರೆ ಮರಳೆಲ್ಲ ಹವಳದ ತಲೆ ಮೇಲೆ. ಮೂರು ದಿನ ಲೈಟ್ ಆರಿಸಬೇಕಂತೆ. ಆರಿಸಿದರೆ ಹವಳ ಸಪ್ಪಗಾಗುತ್ತೆ, ಲೋಳೆ ಸುಮ್ನೆ ನಿದ್ದೆ ಮುಗಿಸಿ ಏಳುತ್ತೆ.

200 ಕೋಟಿ ವರ್ಷಗಳಿಗೂ ಹಿಂದೆ ಭೂಮಿಗೆ ಆಮ್ಲಜನಕ ತುಂಬಿದ ವಂಶ ಇದು. ಉಪಕಾರ ಮರೆತಿಲ್ಲ ಮಾರಾಯ್ರೇ. ಆದರೆ ಅಷ್ಟು ದೊಡ್ಡ ಸಮುದ್ರ ಬಿಟ್ಟು ಈ ಪುಟ್ಟ ತೊಟ್ಟಿಯೇ ಬೇಕಿತ್ತಾ?