ಶೆಲ್ಟರ್‌ಗೆ ಬಿಸಿಬೇಳೆಬಾತ್ ಬೇಡ ಅಂದಿದ್ದೇಕೆ

ನವೆಂಬರ್ ಬಂತೆಂದರೆ ನ್ಯೂಜೆರ್ಸಿಯ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಒಂದು ಮಾತು ಬಂದೇ ಬರುತ್ತದೆ. ರಾಜ್ಯೋತ್ಸವದ ಹೆಸರಲ್ಲಿ ಏನಾದರೂ ಒಳ್ಳೆ ಕೆಲಸ ಮಾಡೋಣ, ಮನೆ ಇಲ್ಲದವರಿಗೆ ಒಂದು ರಾತ್ರಿ ಊಟ ಕೊಡೋಣ ಅಂತ. ಬೇಡ ಅನ್ನುವವರು ಯಾರಿದ್ದಾರೆ? ನೋಡುತ್ತಿದ್ದಂತೆ ಪಟ್ಟಿ ತಯಾರು: ಬಿಸಿಬೇಳೆಬಾತ್, ಚಿತ್ರಾನ್ನ, ಕೇಸರಿಬಾತ್. ಜೊತೆಗೆ ಒಬ್ಬರಾದರೂ ಬರೆಯುತ್ತಾರೆ, 'ನಮ್ಮ ರುಚಿ ಅವರಿಗೂ ಗೊತ್ತಾಗಲಿ.' ನನ್ನ ತಕರಾರು ಈ ಕೊನೆಯ ಸಾಲಿನ ಮೇಲೆ.

ರುಚಿ ತೋರಿಸುವುದಕ್ಕೆ ಬೇರೆ ಜಾಗಗಳಿವೆ. ಆಫೀಸಿನಲ್ಲಿ ಪಾಟ್‌ಲಕ್ ಇದೆ, ಮಕ್ಕಳ ಶಾಲೆಯಲ್ಲಿ ಫುಡ್ ಫೆಸ್ಟ್ ಇದೆ. ಶೆಲ್ಟರ್‌ಗೆ, ಅಂದರೆ ಮನೆ ಇಲ್ಲದವರು ತಂಗುವ ಜಾಗಕ್ಕೆ, ಬರುವವರು ಬಾಡಿಗೆ ಕಟ್ಟಲಾಗದೆ ಮನೆ ಬಿಟ್ಟವರು, ಗಂಡನ ಹೊಡೆತ ತಾಳದೆ ಮಕ್ಕಳನ್ನು ಕಟ್ಟಿಕೊಂಡು ಹೊರಬಿದ್ದವರು, ಆಸ್ಪತ್ರೆ ಬಿಲ್ಲಿಗೆ ಇದ್ದದ್ದನ್ನೆಲ್ಲ ಸುರಿದವರು. ಹಾಸಿಗೆ ಹೊಸದು, ಪಕ್ಕದಲ್ಲಿ ಮಲಗಿದವರು ಹೊಸಬರು, ಮಕ್ಕಳಿಗೆ ಶಾಲೆಯ ಬಸ್ಸೂ ಹೊಸದು. ಇಷ್ಟರ ಮೇಲೆ ರಾತ್ರಿ ಊಟಕ್ಕೂ ಹುಣಸೆಹುಳಿ, ಇಂಗು, ಮೊಗ್ಗು ಅಂತ ಗೊತ್ತಿಲ್ಲದ್ದನ್ನು ತಟ್ಟೆಗೆ ಹಾಕಬೇಕಾ?

ತಿರುಗಿಸಿ ನೋಡಿ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ಉಕ್ಕಿ ಬೆಳಗಾವಿ, ಬಾಗಲಕೋಟೆ ಕಡೆಯ ಹಳ್ಳಿಗಳು ಮುಳುಗಿದವು. ಜನ ಶಾಲೆಗಳಲ್ಲಿ, ಕಲ್ಯಾಣ ಮಂಟಪಗಳಲ್ಲಿ ತೆರೆದ ಗಂಜಿ ಕೇಂದ್ರ ಸೇರಿದರು. ಆಗ ಸುತ್ತಲ ಊರುಗಳಿಂದ ಬಂದದ್ದು ಗಂಟುಗಟ್ಟಲೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಬಾಗಲಕೋಟೆಯ ಅಜ್ಜಿಗೆ ಇದೇ ಸಮಯ, ಪಾಸ್ತಾ ರುಚಿ ತೋರಿಸೋಣ ಅಂತ ಯಾರಿಗೂ ಹೊಳೆಯಲಿಲ್ಲ. ಹೊಳೆಯಬಾರದು ಕೂಡ.

ಇಲ್ಲಿಯವರಿಗೆ ಆ ಜಾಗದಲ್ಲಿ ಇರುವುದು ಮ್ಯಾಕ್ ಅಂಡ್ ಚೀಸ್, ಅಂದರೆ ಚೀಸ್ ಸಾಸ್‌ನಲ್ಲಿ ಕಲೆಸಿದ ಮ್ಯಾಕರೋನಿ ಪಾಸ್ತಾ. ಕೊಚ್ಚಿದ ಮಾಂಸದ ಮೀಟ್‌ಲೋಫ್, ಹಿಸುಕಿದ ಆಲೂಗಡ್ಡೆ, ಪದರಪದರ ಪಾಸ್ತಾದ ಲಸಾನ್ಯ, ಬೀನ್ಸ್ ಹಾಕಿ ಗಟ್ಟಿಯಾಗಿ ಕುದಿಸಿದ ಗೊಜ್ಜಿನಂಥ ಚಿಲಿ ಕೂಡ ಅದೇ ಸಾಲಿನವು. ಮ್ಯಾಕ್ ಅಂಡ್ ಚೀಸ್ ಡಬ್ಬಿಯಲ್ಲಿ ಬಂದದ್ದು 1937ರಲ್ಲಿ, ಕೆಲಸ ಇಲ್ಲದೆ ಅಮೆರಿಕ ಕಂಗೆಟ್ಟಿದ್ದ ಕಾಲ. ಕ್ರಾಫ್ಟ್ ಕಂಪನಿ 19 ಸೆಂಟಿಗೆ ನಾಲ್ಕು ಜನರ ಊಟ ಅಂತ ಮಾರಿತು. ಅಜ್ಜಿ ಮಾಡಿ ಹಾಕಿದ್ದು, ಅಮ್ಮ ಮಾಡಿ ಹಾಕಿದ್ದು, ಈಗ ಮೊಮ್ಮಕ್ಕಳು ಬೇಕು ಅಂತ ಹಟ ಮಾಡುವುದು, ಎಲ್ಲ ಅದೇ. ಇನ್ನೊಂದು ಕಾರಣ ನಮಗೆ ಬೇಗ ಹೊಳೆಯುವುದಿಲ್ಲ. ಹಲ್ಲು ಕೆಟ್ಟವರು, ಹಲ್ಲೇ ಉದುರಿದವರು ಶೆಲ್ಟರ್‌ಗಳಲ್ಲಿ ಬಹಳ. ಈ ದೇಶದಲ್ಲಿ ಇನ್ಶೂರೆನ್ಸ್ ಇದ್ದವರಿಗೇ ಹಲ್ಲಿನ ಡಾಕ್ಟರು ದುಬಾರಿ. ಹಾಗಾಗಿ ಮೆತ್ತಗಿನ ಊಟಕ್ಕೆ ಬೆಲೆ ಜಾಸ್ತಿ.

ಇನ್ನು ಮಾಡುವುದು ಕಷ್ಟವಾ ಅಂದರೆ, ಇಲ್ಲ. ನಲವತ್ತು ಜನಕ್ಕೆ ಆರು ಪೌಂಡ್ ಮ್ಯಾಕರೋನಿ, ಹೆಚ್ಚುಕಡಿಮೆ ಅಷ್ಟೇ ತೂಕದ ಚೆಡ್ಡರ್ ಚೀಸ್, ಒಂದೂವರೆ ಗ್ಯಾಲನ್ ಹಾಲು. ಬೆಣ್ಣೆಯಲ್ಲಿ ಮೈದಾ ಹುರಿದು, ಹಾಲು ಹೊಯ್ದು ಕುದಿಸಿ, ಉರಿ ಆರಿಸಿದ ಮೇಲೆ ಚೀಸ್ ಹಾಕಬೇಕು. ಕುದಿಯುವಾಗ ಹಾಕಿದರೆ ಒಡೆದು ಮರಳುಮರಳಾಗುತ್ತದೆ. ತುರಿದು ಪ್ಯಾಕ್ ಮಾಡಿದ ಚೀಸ್ ಬೇಡ, ಅಂಟಿಕೊಳ್ಳದಿರಲಿ ಅಂತ ಅದಕ್ಕೆ ಹಿಟ್ಟು ಸವರಿರುತ್ತಾರೆ. ಗಟ್ಟಿ ತುಂಡು ತಂದು ಮನೆಯಲ್ಲೇ ತುರಿಯಿರಿ. ಮ್ಯಾಕರೋನಿಯನ್ನು ಪೂರ್ತಿ ಬೇಯಿಸಬಾರದು, ಆಮೇಲೆ ಓವನ್‌ನಲ್ಲಿ ಹಾಲು ಕುಡಿದು ತಾನೇ ಬೇಯುತ್ತದೆ. ಸಾಸ್ ತೆಳ್ಳಗಿರಲಿ, ತಣ್ಣಗಾದರೆ ಗಟ್ಟಿಯಾಗುತ್ತದೆ. ಬಿಸಿಬೇಳೆಬಾತ್ ಮಾಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ ಬಿಡಿ. ಅರ್ಧ ಸೈಜಿನ ಅಲ್ಯೂಮಿನಿಯಂ ಟ್ರೇ ನಾಲ್ಕು ತಂದರೆ ಸಾಕು, ಮನೆಯ ಓವನ್‌ನಲ್ಲಿ ಒಂದು ಸಾಲಿಗೆ ಎರಡು ಕೂರುತ್ತವೆ. ನಮ್ಮಲ್ಲಿ ಕೆಲವರು ಚೀಸ್‌ನಲ್ಲಿ ರೆನೆಟ್, ಅಂದರೆ ಹಾಲು ಒಡೆಯಲು ಹಾಕುವ, ಕರುವಿನ ಹೊಟ್ಟೆಯಿಂದ ತೆಗೆದ ವಸ್ತು, ಇರುತ್ತದೆ ಅಂತ ತಕರಾರು ಎತ್ತುತ್ತಾರೆ. ಸಸ್ಯಾಹಾರದ್ದೂ ಸಿಗುತ್ತದೆ, ಡಬ್ಬಿ ತಿರುಗಿಸಿ ಓದಿದರಾಯಿತು.

ಅಳತೆಯ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ಮನೆಯ ಹತ್ತು ಜನರ ಅಡುಗೆಯನ್ನು ಹತ್ತರಿಂದ ಗುಣಿಸಿದರೆ ನೂರು ಜನರ ಅಡುಗೆ ಆಗುವುದಿಲ್ಲ. ದೊಡ್ಡ ಪಾತ್ರೆಯಲ್ಲಿ ನೀರು ಅಷ್ಟು ಬೇಗ ಆರುವುದಿಲ್ಲ, ಆ ಲೆಕ್ಕದಲ್ಲಿ ಹೊಯ್ದರೆ ಚಿಲಿ ಸಾರಾಗುತ್ತದೆ. ಖಾರ, ಉಪ್ಪು, ಹುಳಿ ಕೂಡ ಮೊದಲು ಕಡಿಮೆ ಹಾಕಿ ರುಚಿ ನೋಡಿಕೊಂಡೇ ಏರಿಸಬೇಕು. ಊರಿನ ಅಡುಗೆ ಭಟ್ಟರಿಗೆ ಇದು ಕೈಗೆ ಹತ್ತಿದ ವಿದ್ಯೆ. ಇಲ್ಲಿಯವರು ಹಾಳೆಯಲ್ಲಿ ಬರೆದಿಟ್ಟುಕೊಳ್ಳುತ್ತಾರೆ.

ಬರೆದಿಟ್ಟುಕೊಳ್ಳುವುದರಲ್ಲಿ ಇವರನ್ನು ಮೀರಿಸುವವರಿಲ್ಲ. ಬೇಯಿಸಿದ್ದು ಬಿಸಿಯಾಗಿದ್ದರೆ 57 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯಬಾರದು. ನಾಳೆಗೆ ಅಂತ ಮಾಡಿದ್ದಾದರೆ ಎರಡು ಗಂಟೆಯೊಳಗೆ 21ಕ್ಕೆ, ಇನ್ನು ನಾಲ್ಕು ಗಂಟೆಯೊಳಗೆ 5ಕ್ಕೆ ಇಳಿಯಬೇಕು. ಮತ್ತೆ ಬಿಸಿ ಮಾಡುವಾಗ ಒಳಗಿನ ತನಕ 74 ಮುಟ್ಟಬೇಕು. ಅದಕ್ಕೊಂದು ಕಡ್ಡಿ ಥರ್ಮಾಮೀಟರ್. ಮೊದಲ ಸಲ ಇದನ್ನೆಲ್ಲ ಕೇಳಿದಾಗ ನಮ್ಮವರಿಗೆ ನಗು ಬರುತ್ತದೆ. ನನಗೀಗ ನಗು ಬರುವುದಿಲ್ಲ. ದೊಡ್ಡ ಪಾತ್ರೆಯ ನಡುಭಾಗ ರಾತ್ರಿಯಿಡೀ ಬೆಚ್ಚಗಿರುತ್ತದೆ, ಕ್ರಿಮಿ ಬೆಳೆಯಲು ಅದಕ್ಕಿಂತ ಒಳ್ಳೆ ಜಾಗ ಬೇರೆ ಬೇಕಿಲ್ಲ. ಅನ್ನವಂತೂ ಇನ್ನೂ ಸೂಕ್ಷ್ಮ. ಅದರಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಕ್ರಿಮಿಯ ಬೀಜಕಣ ಕುದಿಸಿದರೂ ಸಾಯುವುದಿಲ್ಲ. ಹೊರಗೆ ಬಿಟ್ಟರೆ ಬೆಳೆದು ವಿಷ ಮಾಡುತ್ತದೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಎರಡು ಗಂಟೆ ಕಾರಿನ ಡಿಕ್ಕಿಯಲ್ಲಿ ಕೂತ ಚಿತ್ರಾನ್ನವನ್ನು ನಮ್ಮ ಹೊಟ್ಟೆ ತಡೆದೀತು. ಶೆಲ್ಟರ್‌ನ ಕೂಸಿನ ಹೊಟ್ಟೆಯ ಮೇಲೆ ಆ ಪರೀಕ್ಷೆ ಯಾಕೆ?

ಚೀಟಿಯದ್ದು ಇನ್ನೊಂದು ಕಥೆ. ಪ್ರತಿ ಟ್ರೇ ಮೇಲೆ ಏನೇನು ಹಾಕಿದೆ ಅಂತ ಬರೆದು ಅಂಟಿಸಬೇಕು. ಹಾಲು, ಮೊಟ್ಟೆ, ಮೀನು, ಸಿಗಡಿ ಜಾತಿ, ಗೋಡಂಬಿ ಬಾದಾಮಿಯಂಥವು, ಶೇಂಗಾ, ಗೋಧಿ, ಸೋಯಾ ಇದ್ದರಂತೂ ತಪ್ಪದೆ. 2023ರಿಂದ ಆ ಪಟ್ಟಿಗೆ ಎಳ್ಳೂ ಸೇರಿದೆ. ನಾನು ಕೊಪ್ಪಳದ ಕಡೆಯವನು. ನಮ್ಮ ಅಡುಗೆಯಿಂದ ಶೇಂಗಾ, ಎಳ್ಳು ತೆಗೆದರೆ ಉಳಿಯುವುದೇನು ಹೇಳಿ! ಇಂಗಿನ ಡಬ್ಬಿಯಲ್ಲೂ ಸಾಮಾನ್ಯವಾಗಿ ಗೋಧಿ ಹಿಟ್ಟು ಇರುತ್ತದೆ, ಅದು ನಮಗೇ ಗೊತ್ತಿರುವುದಿಲ್ಲ. ಕೆಲವು ಶೆಲ್ಟರ್‌ಗಳು ಮನೆಯಲ್ಲಿ ಮಾಡಿದ್ದನ್ನು ತೆಗೆದುಕೊಳ್ಳುವುದೇ ಇಲ್ಲ, ಲೈಸೆನ್ಸ್ ಇರುವ ಅಡುಗೆಮನೆಯಲ್ಲೇ ಆಗಬೇಕು ಅನ್ನುತ್ತವೆ. ಆಗ ಯಾವುದಾದರೂ ಚರ್ಚಿನ ಅಡುಗೆಮನೆ ಕೇಳಿಕೊಂಡು ಹೋಗಬೇಕು. ಅಲ್ಲಿ ಒಣಮೆಣಸಿನಕಾಯಿ ಒಗ್ಗರಣೆ ಹಾಕಿ ನೋಡಿ, ಹೊಗೆಯ ಅಲಾರಾಂ ಹೊಡೆದುಕೊಳ್ಳುತ್ತದೆ. ಕೇಸ್ ಹಾಕುತ್ತಾರೆ ಅಂತ ಹೆದರುವವರಿಗೆ ಒಂದು ಮಾತು: ಸೇವಾ ಸಂಸ್ಥೆಗೆ ಒಳ್ಳೆ ಮನಸ್ಸಿನಿಂದ ಊಟ ಕೊಟ್ಟವರನ್ನು ಕಾಪಾಡುವುದಕ್ಕೇ 1996ರಿಂದ ಇಲ್ಲಿ ಕಾನೂನಿದೆ. ತೀರಾ ಬೇಜವಾಬ್ದಾರಿ ಮಾಡಿದವರಿಗೆ ಮಾತ್ರ ಅದು ಸಹಾಯಕ್ಕೆ ಬರುವುದಿಲ್ಲ.

ಊರಿನಲ್ಲಿ ಕೆಲವರು ಕೇಳುತ್ತಾರೆ, ಇಷ್ಟೆಲ್ಲ ಕಾಯಿದೆ ಇಟ್ಟುಕೊಂಡು ಅನ್ನ ಹಾಕುವುದು ಯಾವ ಧರ್ಮ ಅಂತ. ಕೊಪ್ಪಳದ ಗವಿಮಠದ ಜಾತ್ರೆ ನೋಡಿದವರು ಹಾಗೆ ಕೇಳಬಾರದು. ಸಂಕ್ರಾಂತಿ ಆಸುಪಾಸಿನ ಆ ಜಾತ್ರೆಯ ಮಹಾದಾಸೋಹಕ್ಕೆ ರೊಟ್ಟಿ ಮಠದಲ್ಲೇ ತಟ್ಟುವುದಲ್ಲ. ಸುತ್ತಲ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ವಾರಗಟ್ಟಲೆ ಮನೆಮನೆಯಲ್ಲಿ ತಟ್ಟಿ, ಒಣಗಿಸಿ, ಚಕ್ಕಡಿಯಲ್ಲಿ, ಟ್ರ್ಯಾಕ್ಟರ್‌ನಲ್ಲಿ ಕಳಿಸುತ್ತಾರೆ. ಎಲ್ಲ ಸೇರಿ ಲಕ್ಷಗಟ್ಟಲೆ ರೊಟ್ಟಿ. ಮಾದಲಿಯೂ ಹಾಗೇ ಮನೆಗಳಿಂದ ಬರುತ್ತದೆ. ಅನ್ನ ಸಾರು ಮಾತ್ರ ಅಲ್ಲೇ ಕೊಪ್ಪರಿಗೆಯಲ್ಲಿ ಬೇಯುತ್ತದೆ, ಬಿಸಿಬಿಸಿಯಾಗಿ ಖಾಲಿಯೂ ಆಗುತ್ತದೆ. ಇದರಲ್ಲಿ ಎಷ್ಟು ಲೆಕ್ಕ ಇದೆ ನೋಡಿ. ದೂರದಿಂದ ಬರುವುದು ನೀರಿನಂಶ ಇಲ್ಲದ್ದು, ತಿಂಗಳಿಟ್ಟರೂ ಕೆಡದು. ಕೆಡುವಂಥದ್ದು ಉಣ್ಣುವ ಜಾಗದಲ್ಲೇ ಆಗಬೇಕು. ಅವ್ವನ ಕೈಯಲ್ಲಿ ಥರ್ಮಾಮೀಟರ್ ಇರಲಿಲ್ಲ, ಕಾಯಿದೆ ಇತ್ತು.

ಇಲ್ಲಿನ ಪದ್ಧತಿಯೂ ಹೆಚ್ಚುಕಡಿಮೆ ಅದೇ. 1986ರಲ್ಲಿ ನಮ್ಮ ನ್ಯೂಜೆರ್ಸಿಯ ಸಮ್ಮಿಟ್ ಊರಿನಲ್ಲಿ ಕೆರೆನ್ ಓಲ್ಸನ್ ಎಂಬ ಹೆಂಗಸು ಶುರು ಮಾಡಿದ ಕೆಲಸ ಈಗ ಫ್ಯಾಮಿಲಿ ಪ್ರಾಮಿಸ್ ಎಂಬ ಹೆಸರಲ್ಲಿ ದೇಶದ ತುಂಬ ಹಬ್ಬಿದೆ. ಶುರುವಿನ ಉಪಾಯ ಸರಳ. ಒಂದೊಂದು ವಾರ ಒಂದೊಂದು ಚರ್ಚು ಅಥವಾ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಮನೆ ಇಲ್ಲದ ಕುಟುಂಬಗಳನ್ನು ಮಲಗಿಸಿಕೊಳ್ಳುವುದು, ಆಯಾ ಊರಿನ ಮನೆಗಳವರು ರಾತ್ರಿಯ ಊಟ ತರುವುದು. ಒಬ್ಬರ ಮನೆಯಿಂದ ಟ್ರೇ, ಇನ್ನೊಬ್ಬರ ಮನೆಯಿಂದ ಸಲಾಡ್, ಮತ್ತೊಬ್ಬರಿಂದ ಹಣ್ಣು. ಅಮೆರಿಕ ಅಂದರೆ ಎಲ್ಲ ಫ್ಯಾಕ್ಟರಿ ಊಟ, ನಮ್ಮಲ್ಲಿ ಮಾತ್ರ ಕೈ ಅಡುಗೆ ಅಂದುಕೊಂಡವರು ಇದನ್ನು ಗಮನಿಸಬೇಕು. ದೊಡ್ಡ ಅಡುಗೆಮನೆಯಲ್ಲಿ ಮೆಷಿನ್ನಿನಿಂದ ಮಾಡಿ ವ್ಯಾನಿನಲ್ಲಿ ಸಾಗಿಸುವುದು ನಮ್ಮ ಬೆಂಗಳೂರಿಗೂ ಹೊಸದಲ್ಲ.

ಹಾಗಾದರೆ ನಮ್ಮ ಕಡೆಯದು ಏನೂ ಬೇಡವಾ? ಬೇಕು. ಆದರೆ ಅದು ಅಡುಗೆಯಲ್ಲ, ಪಂಕ್ತಿ.

ದಾಸೋಹದಲ್ಲಿ ಹಸಿದವರದ್ದೇ ಬೇರೆ ಸಾಲು ಅಂತ ಇಲ್ಲ. ಕೂಲಿಯವರೂ ಕೂರುತ್ತಾರೆ, ಕಾರಿನಲ್ಲಿ ಬಂದವರೂ ಕೂರುತ್ತಾರೆ. ರೊಟ್ಟಿ ಕೊಟ್ಟ ಮನೆಯವರೇ ಪಕ್ಕದಲ್ಲಿ ಉಣ್ಣುತ್ತಿರುತ್ತಾರೆ. ಯಾರು ಕೊಟ್ಟವರು, ಯಾರು ತೆಗೆದುಕೊಂಡವರು ಅಂತ ನೋಡಿದರೆ ಗೊತ್ತಾಗದು. ಬಡಿಸುವವರು ಸುತ್ತು ಬರುತ್ತಲೇ ಇರುತ್ತಾರೆ, 'ಇನ್ನೊಂದ್ ರೊಟ್ಟಿ ಹಾಕ್ಲೇನ್ರಿ?' ಇಲ್ಲಿ ಅದು ಬೇರೆ ಥರ. ಮೇಜಿನ ಆ ಕಡೆ ಗ್ಲೌಸ್ ಹಾಕಿಕೊಂಡು ನಾವು, ಈ ಕಡೆ ತಟ್ಟೆ ಹಿಡಿದು ಅವರು. ಒಂದು ಸೌಟು ಹಾಕುತ್ತೇವೆ, ನಗುತ್ತೇವೆ, ಮುಂದಿನವರು. ಫೋಟೋ ತೆಗೆದುಕೊಂಡು ಮನೆಗೆ ಬಂದು ನಾವು ಬೇರೆ ಊಟ ಮಾಡುತ್ತೇವೆ. ನನಗೆ ಸರಿಬಾರದೇ ಇರುವುದು ಇದೇ.

ನಮ್ಮ ಪಂಕ್ತಿಯೂ ಚೊಕ್ಕ ಅಂತ ನಾನು ಹೇಳುತ್ತಿಲ್ಲ. ಜಾತಿ ನೋಡಿ ಎಬ್ಬಿಸಿದ, ಬೇರೆ ಕೂರಿಸಿದ ಪಂಕ್ತಿಗಳು ನಮ್ಮ ನಾಡಿನಲ್ಲಿ ಕಡಿಮೆಯೇನಿಲ್ಲ, ಕೆಲವು ಕಡೆ ಈಗಲೂ ಮುಗಿದಿಲ್ಲ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಶರಣರು ದಾಸೋಹವನ್ನು ಅಷ್ಟು ಒತ್ತಿ ಹೇಳಿದ್ದೇ ಅದಕ್ಕೆ ಅಲ್ವಾ? ಚರ್ಚಿನ ಹಾಲ್‌ನಲ್ಲಿ ಜಾತಿ ಕೇಳುವವರಿಲ್ಲ. ಆದರೆ ಅಲ್ಲಿಯೂ ಮೇಜು ಅಡ್ಡ ಇದೆ. ಅದನ್ನು ದಾಟುವುದಕ್ಕೆ ಯಾವ ಕಾಯಿದೆಯೂ ತಡೆಯುವುದಿಲ್ಲ. ಬಡಿಸಿದ ಮೇಲೆ ಗ್ಲೌಸ್ ತೆಗೆದು, ಅದೇ ಟ್ರೇಯಿಂದ ಹಾಕಿಕೊಂಡು, ಪಕ್ಕದ ಕುರ್ಚಿ ಎಳೆದುಕೊಂಡು ಕೂರಬಹುದು. ಕೆಲವು ಕಡೆ ಅವರೇ ಕೂರಿ ಅನ್ನುತ್ತಾರೆ. ನಮ್ಮವರೇ 'ಇಲ್ಲ, ನಮ್ಮದಾಗಿದೆ' ಅಂತ ಸುಳ್ಳು ಹೇಳಿ ತಪ್ಪಿಸಿಕೊಳ್ಳುತ್ತಾರೆ. ತಾವು ಉಣ್ಣದ್ದನ್ನು ತಂದರೆ ಹೀಗಾಗುತ್ತದೆ. ಅದಕ್ಕೇ ನಮ್ಮಂಥ ಸಸ್ಯಾಹಾರಿಗಳು ಮೀಟ್‌ಲೋಫ್‌ಗೆ ಕೈ ಹಾಕುವುದು ಬೇಡ. ಮಾಂಸ ಹಾಕದ ಚಿಲಿ ಇದೆ, ಮೂರು ಥರದ ಕಾಳು, ಟೊಮ್ಯಾಟೊ, ಜೀರಿಗೆ. ಜೊತೆಗೆ ಮೆಕ್ಕೆಜೋಳದ ಹಿಟ್ಟಿನ ಕಾರ್ನ್‌ಬ್ರೆಡ್. ಕಾಳಿನ ಅಡುಗೆ ನಮಗೆ ಯಾರು ಕಲಿಸಬೇಕು!

ತಾರೀಖಿನ ವಿಷಯ ಒಂದು ಉಳಿದಿದೆ. ನವೆಂಬರ್ ಕೊನೆಗೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬ, ಕ್ರಿಸ್‌ಮಸ್ ಹತ್ತಿರ ಶೆಲ್ಟರ್‌ಗಳಿಗೆ ಊಟ ತರುವವರ ನೂಕುನುಗ್ಗಲು. ಎಲ್ಲರೂ ಲಸಾನ್ಯವನ್ನೇ ತಂದಾರು ಅಂತ ಹೆಸರು ಬರೆಸುವ ಹಾಳೆ ಇಡುತ್ತಾರೆ. ಫೆಬ್ರವರಿಯಲ್ಲಿ, ಜುಲೈಯಲ್ಲಿ ಆ ಹಾಳೆ ಖಾಲಿ. ಊರಿನ ಅನಾಥಾಶ್ರಮಗಳಲ್ಲೂ ನೋಡಿದ್ದೇನೆ, ನಮ್ಮ ಹುಟ್ಟುಹಬ್ಬ ಬಂದ ದಿನ ಅವರಿಗೆ ಹೋಳಿಗೆ. ಕೊಡುವವರ ಕ್ಯಾಲೆಂಡರ್‌ನಂತೆ ಹಸಿವು ಬರುವುದಿಲ್ಲ. ಹಾಗಾಗಿ ಈ ಸಲ ನಾನು ಗುಂಪಿನಲ್ಲಿ ನವೆಂಬರ್ ಬಿಡಿ, ಫೆಬ್ರವರಿ ಹಿಡಿಯೋಣ ಅಂದೆ. ಒಬ್ಬ ಗೆಳೆಯರು, 'ಚಿಲಿ ಮಾಡಿ ಫೆಬ್ರವರಿಯಲ್ಲಿ ಕೊಟ್ಟರೆ ಅದರಲ್ಲಿ ರಾಜ್ಯೋತ್ಸವ ಎಲ್ಲಿ ಬಂತು ಮಾರಾಯರೇ?' ಅಂತ ಕೇಳಿದರು. ಬರಬೇಕಾಗಿಲ್ಲ ಅಂದೆ. ಒಂದು ದಿನ ವಾದ ಆಯಿತು, ಮುಗಿಯಿತು. ಈರುಳ್ಳಿ ಹೆಚ್ಚುವುದಕ್ಕೆ, ಟ್ರೇ ಸಾಗಿಸುವುದಕ್ಕೆ, ಚೀಟಿ ಬರೆಯುವುದಕ್ಕೆ ಜನ ಸಿಕ್ಕಿದ್ದಾರೆ. ಶೆಲ್ಟರ್‌ನವರ ಜೊತೆ ಕೂತು ಉಣ್ಣುವುದಕ್ಕೆ ಇನ್ನೂ ನಾಲ್ಕು ಜನ ಬೇಕು.